ಲೆಕ್ಕ ಬರಲ್ಲ ಅಂತ ಅಲ್ಲ ಮಗಾ, ಲೆಕ್ಕ ಬೇಡ ನಿಂಗೆ

1/9

ಫೋಟೋದಲ್ಲಿ ಕಾಣ್ತಿರೋದು ನಮ್ಮ ಹಾಸ್ಟೆಲ್ ರೂಮಿನ ಖಜಾನೆ. ಹಳೇ ಹಾರ್ಲಿಕ್ಸ್ ಬಾಟ್ಲಿ, ಅದರ ತುಂಬ ಹುಣಸೆ ಬೀಜ. ಶನಿವಾರ ರಾತ್ರಿ ಊಟ ಆದ್ಮೇಲೆ ಐದು ಜನ ಕೂರ್ತೀವಿ, ತಲೆಗೆ 200 ಬೀಜ, ಪೋಕರ್. ದುಡ್ಡಿಲ್ಲ. ಸೋತವನು ಭಾನುವಾರ ಬೆಳಿಗ್ಗೆ ಎಲ್ಲರ ಬಕೆಟ್ ತುಂಬಿಸಿಡಬೇಕು, ಅಷ್ಟೇ ಶಿಕ್ಷೆ.

ಹೋದ ಶನಿವಾರ ನನ್ನ ರೂಮ್‌ಮೇಟ್ ಕೊನೇ ಎಲೆಗೋಸ್ಕರ ಇದ್ದಬದ್ದ ಬೀಜ ಎಲ್ಲ ಸುರಿದ. ಎಲೆ ಬರಲಿಲ್ಲ. ಇಸ್ಪೀಟ್ ಎಲೆ ಎಸೆದು, "ನನ್ನ ಟೈಮೇ ಸರಿ ಇಲ್ಲ ಗುರು" ಅಂದ.

ನಾನು ಸುಮ್ನಿರಬೇಕಿತ್ತು. ಇರಲಿಲ್ಲ. "ಟೈಮ್ ಸರಿಯಾಗೇ ಇದೆ, ಲೆಕ್ಕ ಸರಿ ಇಲ್ಲ" ಅಂದೆ.

ಅದಕ್ಕೆ ಅವನು ಹೇಳಿದ ಮಾತು: "ಲೇ, ಆಟಕ್ಕೂ ಮ್ಯಾಥ್ಸ್ ತರ್ಬೇಡ. ಮ್ಯಾಥ್ಸ್ ಬೇಡ ಅಂತಾನೇ ಕಾಮರ್ಸ್ ತಗೊಂಡಿದ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಆ ಮಾತನ್ನ ಎರಡು ವರ್ಷದ ಹಿಂದೆ ನಾನೂ ಹೀಗೇ ಹೇಳ್ತಿದ್ದೆ, ಇದೇ ಪೊಗರಿನಲ್ಲಿ. ಅದಕ್ಕೆ ನಾನು ಕೊಟ್ಟ ಬೆಲೆ ಎಷ್ಟು ಅಂತ ಎಂಟನೇ ಪೋಸ್ಟಲ್ಲಿದೆ. ಅಲ್ಲಿವರೆಗೆ ನಿಮ್ಮನ್ನ ಬೈತೀನಿ, ಅಲ್ಲಿ ನನ್ನನ್ನೇ ಬೈಕೋತೀನಿ. ಸರಿ ಹೋಗುತ್ತೆ.

ಮೊದಲೇ ಒಂದು ಮಾತು. ಇದು ದುಡ್ಡು ಹಾಕಿ ಆಡಿ ಅನ್ನೋ ಪೋಸ್ಟ್ ಅಲ್ಲ. ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ, ಅದು ಸ್ಕಿಲ್ ಆಗ್ಲಿ ಅದೃಷ್ಟ ಆಗ್ಲಿ, ನಿಷೇಧ ಮಾಡಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಪಾಸ್ ಮಾಡಿದೆ. ನಾನು ಮಾತಾಡ್ತಿರೋದು ಬೀಜದ ಆಟದ ಬಗ್ಗೆ, ಅದರ ನೆಪದಲ್ಲಿ ನಮ್ಮ ತಲೆಯ ಬಗ್ಗೆ.

2/9

ಪೋಕರ್ ಗೊತ್ತಿಲ್ಲದವರಿಗೆ ಎರಡು ಲೈನ್. ನಾವಾಡೋದು ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೆ ಎರಡು ಎಲೆ, ಅದು ಗುಟ್ಟು. ಮಧ್ಯದಲ್ಲಿ ಐದು ಎಲೆ, ಅದು ಎಲ್ಲರದ್ದು. ಮೊದಲು ಮೂರು ಬೀಳುತ್ತೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ನಡುವೆ ಬೀಜ ಹಾಕೋದು, ಏರಿಸೋದು, ಇಲ್ಲಾ ಎಲೆ ಮಗುಚಿ ಬಿಡೋದು. ಏಳರಲ್ಲಿ ಯಾರ ಐದು ಎಲೆ ದೊಡ್ಡದೋ ಅವನದ್ದು ಗುಡ್ಡೆ.

ಈಗ ಅವತ್ತಿನ ಕೈ. ನನ್ನ ರೂಮ್‌ಮೇಟ್ ಹತ್ರ ಆಟೀನ್ ಎಕ್ಕ, ಆಟೀನ್ 9. ಮಧ್ಯದಲ್ಲಿ ನಾಲ್ಕು ಎಲೆ ಬಿದ್ದಿದೆ, ಅದರಲ್ಲಿ ಎರಡು ಆಟೀನ್. ಇನ್ನೊಂದು ಆಟೀನ್ ಬಿದ್ರೆ ಐದೂ ಒಂದೇ ಬಣ್ಣ, ಗೆದ್ದ ಹಾಗೇ. ಬೀಳದಿದ್ರೆ ಕೈಲಿ ಏನೂ ಇಲ್ಲ. ಗುಡ್ಡೆಯಲ್ಲಿ 60 ಬೀಜ. ಎದುರಿನವನು 60 ಹಾಕಿದ. ಈಗ ನೋಡ್ಬೇಕು ಅಂದ್ರೆ ಇವನೂ 60 ಹಾಕ್ಬೇಕು.

ಇವನು ಕೇಳ್ಕೊಂಡ ಪ್ರಶ್ನೆ: "ಆಟೀನ್ ಬರುತ್ತಾ?"

ಅದು ತಪ್ಪು ಪ್ರಶ್ನೆ. ಸರಿಯಾದ ಪ್ರಶ್ನೆ: "ಈ ಬೆಲೆಗೆ ಆಟೀನ್ ಕಾಯೋದು ಲಾಭವಾ?"

ಎಣಿಸು. ಒಟ್ಟು ಆಟೀನ್ 13. ನಾಲ್ಕು ಕಣ್ಣ ಮುಂದೆ ಇದೆ. ಉಳಿದದ್ದು 9. ಒಟ್ಟು ಎಲೆ 52, ನೋಡಿರೋದು 6, ಕಾಣದೇ ಇರೋದು 46. ಅಂದ್ರೆ 46ರಲ್ಲಿ 9. ಶೇಕಡ 19.5ರ ಹತ್ರ.

ಈಗ ಇದೇ ಕೈಯನ್ನ 46 ಸಲ ಆಡ್ತೀಯ ಅಂದ್ಕೋ. 9 ಸಲ ಆಟೀನ್ ಬಂತು, ಪ್ರತಿ ಸಲ 120 ಬೀಜ ಬಂತು. ಒಟ್ಟು 1080. ಉಳಿದ 37 ಸಲ ಬರಲಿಲ್ಲ, ಪ್ರತಿ ಸಲ 60 ಹೋಯ್ತು. ಒಟ್ಟು 2220. ನಿವ್ವಳ ನಷ್ಟ 1140. ಅಂದ್ರೆ ಪ್ರತಿ ಸಲ ನೀನು "ನೋಡೇ ಬಿಡ್ತೀನಿ" ಅಂದಾಗ ಸರಾಸರಿ 25 ಬೀಜ ಬಚ್ಚಲಿಗೆ ಸುರೀತಿದ್ದೀಯ.

ಅದೇ ಎದುರಿನವನು 60 ಅಲ್ಲ, ಬರೀ 15 ಹಾಕಿದ್ದಿದ್ರೆ? 9 ಸಲ 75 ಬಂತು, 675. 37 ಸಲ 15 ಹೋಯ್ತು, 555. ಈಗ 120 ಲಾಭ.

ಅದೇ ಎಲೆ, ಅದೇ ಆಸೆ. ಬೆಲೆ ಮಾತ್ರ ಬೇರೆ. ನಿಮ್ಮಮ್ಮ ಸಂತೇಲಿ ಟೊಮೆಟೊ ಚೆನ್ನಾಗಿದೆ ಅಂತ ಮಾತ್ರ ತಗೋತಾರಾ? ರೇಟ್ ಕೇಳ್ತಾರೆ, ಮುಖ ಸೊಟ್ಟ ಮಾಡ್ತಾರೆ, ಮುಂದಿನ ಗುಡ್ಡೆಗೆ ಹೋಗ್ತಾರೆ. ಇದಕ್ಕಿಂತ ದೊಡ್ಡ ಪೋಕರ್ ಪಾಠ ಇಲ್ಲ.

ಇದರಲ್ಲಿ ಎಲ್ಲಿದೆ ಮ್ಯಾಥ್ಸ್? ಕೂಡೋದು, ಕಳೆಯೋದು, ಗುಣಿಸೋದು. ಐದನೇ ಕ್ಲಾಸಿಂದು.

3/9

ಇವತ್ತಿನ ಫೋಟೋ ನನ್ನ ನೋಟ್‌ಬುಕ್. ಬರವಣಿಗೆ ನೋಡಿ ನಗಬೇಡಿ.

ಲೆಕ್ಕ ಬೇಡ ಅನ್ನೋರೆಲ್ಲ ಹೇಳೋ ಮೊದಲನೇ ಮಾತು: "ನಂಗೆ ಫೀಲಿಂಗ್ ಬರುತ್ತೆ ಮಗಾ. ಬರೋ ಎಲೆ ಗೊತ್ತಾಗುತ್ತೆ." ನಂಗೂ ಗೊತ್ತಾಗ್ತಿತ್ತು. ನನ್ನ ಪ್ರಕಾರ ನಾನು ಕಾದ ಬಣ್ಣದ ಎಲೆ ಎರಡಕ್ಕೊಂದು ಸಲ ಬರ್ತಿತ್ತು. ನನ್ನ ಕೈಗುಣ ಚೆನ್ನಾಗಿದೆ ಅಂತ ಇಡೀ ಬ್ಲಾಕ್‌ಗೆ ಹೇಳ್ಕೊಂಡು ತಿರುಗಿದ್ದೆ.

ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಬರೆದಿಟ್ಟೆ. ಕೊನೇ ಒಂದು ಎಲೆಗೆ ಬಣ್ಣ ಕಾದಾಗೆಲ್ಲ ಒಂದು ಗೀಟು. ಬಂದ್ರೆ ಗೀಟಿನ ಮೇಲೆ ಸುತ್ತು. ಒಟ್ಟು ಗೀಟು 112. ಸುತ್ತು 23.

112ರಲ್ಲಿ 23. ಶೇಕಡ 20.5. ಲೆಕ್ಕ ಹೇಳಿದ್ದು 19.5.

ನನ್ನ ಕೈಗುಣ, ನನ್ನ ಫೀಲಿಂಗ್, ನನ್ನ ಬಲಗಣ್ಣು ಅದುರಿದ್ದು, ಎಲ್ಲ ಸೇರಿ ಬಂದದ್ದು ಶೇಕಡ 1. ಅದೂ ಸುಮ್ನೆ ಬಂದದ್ದು, ಮುಂದಿನ ಸೆಮಿಸ್ಟರಲ್ಲಿ ಹೋಗುತ್ತೆ.

ಹಾಗಾದ್ರೆ ಎರಡಕ್ಕೊಂದು ಅಂತ ನಂಗ್ಯಾಕೆ ಅನ್ನಿಸ್ತಿತ್ತು? ಬಂದ 23 ಸಲ ನಾನು ಎದ್ದು ಕುಣಿದಿದ್ದೆ. ಬರದ 89 ಸಲ "ಛೇ" ಅಂದು ಮುಂದಿನ ಕೈ ಆಡಿದ್ದೆ. ಕುಣಿದದ್ದು ನೆನಪಿದೆ. ಛೇ ಅಂದಿದ್ದು ನೆನಪಿಲ್ಲ.

ನೋಟ್‌ಬುಕ್‌ಗೆ ಎರಡೂ ಒಂದೇ. ಅದಕ್ಕೇ ನಮಗೆ ನೋಟ್‌ಬುಕ್ ಕಂಡ್ರೆ ಆಗಲ್ಲ. ಲೆಕ್ಕ ಕಷ್ಟ ಅಂತ ಅಲ್ಲ. ಲೆಕ್ಕ ಮುಖಸ್ತುತಿ ಮಾಡಲ್ಲ ಅಂತ.

ನನ್ನ ವಾದ ಇಷ್ಟೇ, ಇನ್ನು ಮುಂದಿನದ್ದೆಲ್ಲ ಇದರ ವಿಸ್ತಾರ. ನಿಂಗೆ ಲೆಕ್ಕ ಬರಲ್ಲ ಅನ್ನೋದು ಸುಳ್ಳು. ನಿಂಗೆ ಲೆಕ್ಕ ಬೇಡ. ಯಾಕಂದ್ರೆ ಲೆಕ್ಕ ಬಂದ ದಿನ "ನನ್ನ ಟೈಮ್ ಸರಿ ಇಲ್ಲ" ಅನ್ನೋ ನೆಪ ಹೋಗುತ್ತೆ.

4/9

"ಇಲ್ಲ ಗುರು, ನಿಜವಾಗ್ಲೂ ನಂಗೆ ಮ್ಯಾಥ್ಸ್ ಹತ್ತಲ್ಲ." ಈ ಕಾಮೆಂಟ್ ಹನ್ನೊಂದು ಜನ ಹಾಕಿದ್ದೀರ. ಅದರಲ್ಲಿ ಏಳು ಜನ ನನ್ನ ಕ್ಲಾಸ್.

ಸರಿ. ನೆನಪು ಮಾಡ್ಕೊಳ್ಳಿ. 2024ರ ಮೇ 18. ಚಿನ್ನಸ್ವಾಮಿ. ಆರ್‌ಸಿಬಿ, ಚೆನ್ನೈ. ಮೊದಲು ಬ್ಯಾಟ್ ಮಾಡಿದ್ರೆ ಸುಮಾರು 18 ರನ್ ಅಂತರದಲ್ಲಿ ಗೆಲ್ಲಬೇಕು, ಚೇಸ್ ಮಾಡಿದ್ರೆ 18.1 ಓವರಲ್ಲಿ ಮುಗಿಸಬೇಕು ಅಂತ ಆ ವಾರ ಪೂರ್ತಿ ಕ್ಯಾಂಟೀನಲ್ಲಿ ಲೆಕ್ಕ ಹಾಕಿದ್ದು ಯಾರು? ನಾವು 218 ಹೊಡೆದಾಗ "ಚೆನ್ನೈ 201 ಹೊಡೆದ್ರೆ ಸೋತರೂ ಅವರೇ ಒಳಗೆ" ಅಂತ ಟಿವಿಗಿಂತ ಮೊದಲು ಕಿರುಚಿದ್ದು ಯಾರು? ನೆಟ್ ರನ್ ರೇಟ್ ಅಂದ್ರೆ ಭಾಗಾಕಾರ, ಸರಾಸರಿ, ವ್ಯತ್ಯಾಸ. ಪೋಕರ್ ಲೆಕ್ಕಕ್ಕಿಂತ ಕಷ್ಟ ಅದು. ಕಪ್ ಗೆಲ್ಲೋ 2025ರ ತನಕ ಪ್ರತಿ ವರ್ಷ ಏಪ್ರಿಲ್‌ನಿಂದ ಮೇ ತನಕ ಪಾಯಿಂಟ್ಸ್ ಟೇಬಲ್ ಲೆಕ್ಕ ಹಾಕಿ ಬದುಕಿದ ಜನ ನಾವು. ನಮಗೆ ಮ್ಯಾಥ್ಸ್ ಬರಲ್ವಂತೆ.

ಬರುತ್ತೆ. ಆದ್ರೆ "ಮ್ಯಾಥ್ಸ್" ಅನ್ನೋ ಹೆಸರು ಕೇಳಿದ ತಕ್ಷಣ ಕೈ ನಡುಗುತ್ತೆ. ಅದರ ಕಾರಣ ನಂಗೂ ಗೊತ್ತು. ಎಂಟನೇ ಕ್ಲಾಸಲ್ಲಿ ಬೋರ್ಡ್ ಹತ್ರ ನಿಂತು ಉತ್ತರ ಬರದೇ, ಮೇಷ್ಟ್ರು ಡಸ್ಟರ್ ಎಸೆದು, "ಇವನು ಎಮ್ಮೆ ಕಾಯೋಕೆ ಲಾಯಕ್ಕು" ಅಂದು, ಹುಡುಗೀರ ಸಾಲೂ ನಕ್ಕಾಗ ನಾನೂ ಅಲ್ಲೇ ತೀರ್ಮಾನ ಮಾಡ್ಕೊಂಡೆ. ಪಿಯುಸಿ ಫಾರ್ಮ್ ತುಂಬುವಾಗ ಬೇಸಿಕ್ ಮ್ಯಾಥ್ಸ್ ಇರೋ ಕಾಂಬಿನೇಷನ್ ಕಡೆ ಕಣ್ಣೇ ಹಾಯಿಸಲಿಲ್ಲ. ಹಿಸ್ಟರಿ ಇರೋದನ್ನೇ ಹುಡುಕಿ ಟಿಕ್ ಹಾಕಿದೆ. ನಿಮ್ಮಲ್ಲೂ ಅರ್ಧ ಜನ ಹಾಗೇ ಬಂದಿದ್ದೀರ. (ಎಮ್ಮೆ ಕಾಯೋದು ಸುಲಭ ಅಂದ್ಕೊಂಡ ಆ ಮೇಷ್ಟ್ರು ಒಂದು ದಿನ ನಮ್ಮನೆ ಎಮ್ಮೆ ಕಾದು ನೋಡ್ಬೇಕಿತ್ತು, ಅದು ಬೇರೆ ಮಾತು.)

ಅವತ್ತು ಆದ ಅವಮಾನ ನಿಜ. ನಾನು ಅದನ್ನ ಸಣ್ಣದು ಅನ್ನಲ್ಲ. ಆದ್ರೆ ಒಬ್ಬ ಮನುಷ್ಯ ಒಂದು ಮಧ್ಯಾಹ್ನ ಕೋಪದಲ್ಲಿ ಹೇಳಿದ ಮಾತಿಗೆ ನಿನ್ನ ಇಡೀ ಬದುಕಿನ ಲೆಕ್ಕದ ಪುಸ್ತಕ ಬರೆದು ಕೊಡ್ತೀಯಾ? ಅವರಿಗೆ ಆ ಮಧ್ಯಾಹ್ನ ನೆನಪೂ ಇರಲ್ಲ.

5/9

ಎರಡನೇ ವಾದ. "ಪೋಕರ್ ಅಂದ್ರೆ ಸೈಕಾಲಜಿ. ಮುಖ ಓದ್ಬೇಕು. ಕಣ್ಣು ನೋಡ್ಬೇಕು. ಸಿನಿಮಾ ನೋಡಿಲ್ವಾ?"

ನೋಡಿದ್ದೀನಿ. ಸಿನಿಮಾದಲ್ಲಿ ಹೀರೋ ವಿಲನ್ ಕಣ್ಣು ನೋಡಿ ಎಲ್ಲಾ ಹಾಕ್ತಾನೆ. ಸಿನಿಮಾದಲ್ಲಿ ಹೀರೋ ಒಂದೇ ಏಟಿಗೆ ಹತ್ತು ಜನಾನೂ ಹಾರಿಸ್ತಾನೆ, ಅದನ್ನ ಬಸ್‌ಸ್ಟ್ಯಾಂಡಲ್ಲಿ ಟ್ರೈ ಮಾಡ್ತೀಯಾ?

2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯವರು ಮಾಡಿದ ಲಿಬ್ರಾಟಸ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮ್ ಜೊತೆ ನಾಲ್ಕು ಜನ ವೃತ್ತಿಪರ ಆಟಗಾರರು ಆಡಿದ್ರು. 20 ದಿನ, 1,20,000 ಕೈ. ನಾಲ್ವರೂ ಒಟ್ಟಾರೆ ಸೋತರು. ಆ ಯಂತ್ರಕ್ಕೆ ಕಣ್ಣಿಲ್ಲ. ಎದುರಿಗಿರೋನು ಬೆವರಿದ್ದು, ತುಟಿ ಕಚ್ಚಿದ್ದು, ಟೀ ಲೋಟ ಅಲ್ಲಾಡಿದ್ದು ಯಾವುದೂ ಅದಕ್ಕೆ ಕಾಣಲ್ಲ. ಬ್ಲಫ್ ಮಾತ್ರ ಭರ್ಜರಿಯಾಗಿ ಹೊಡೀತಿತ್ತು. ಬ್ಲಫ್ ಕೂಡ ಲೆಕ್ಕವೇ ಅಂತ ಅರ್ಥ.

ಬ್ಲಫ್ ಹೆಂಗೆ ಲೆಕ್ಕ? ನೋಡು. ಗುಡ್ಡೆಯಲ್ಲಿ 60 ಇದೆ, ನೀನು ಸುಳ್ಳು ಹೇಳಿ 60 ಹಾಕ್ದೆ. ಎದುರಿನವನು ಬಿಟ್ಟರೆ 60 ಗೆದ್ದೆ, ನೋಡಿದ್ರೆ 60 ಹೋಯ್ತು. ಅಂದ್ರೆ ಎರಡಕ್ಕೊಂದು ಸಲಕ್ಕಿಂತ ಜಾಸ್ತಿ ಅವನು ಬಿಡೋ ಆಸಾಮಿ ಆದ್ರೆ ಮಾತ್ರ ಈ ಸುಳ್ಳು ಲಾಭ. 30 ಹಾಕಿ ಸುಳ್ಳು ಹೇಳಿದ್ರೆ ಮೂರಕ್ಕೊಂದು ಸಲಕ್ಕಿಂತ ಜಾಸ್ತಿ ಬಿಟ್ಟರೆ ಸಾಕು. ಈಗ ಮುಖ ಓದು. ಈಗ ಅವನ ಸ್ವಭಾವ ನೋಡು. ಈಗ ಅದು ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಏನನ್ನ ಹುಡುಕ್ತಿದ್ದೀಯ ಅಂತ ಗೊತ್ತು. ಲೆಕ್ಕ ಇಲ್ಲದೇ ಮುಖ ಓದೋದು ಅಂದ್ರೆ ರೇಟ್ ಬೋರ್ಡ್ ಇಲ್ಲದ ಅಂಗಡೀಲಿ ಅಂಗಡಿಯವನ ನಗು ನೋಡಿ ಸಾಮಾನು ತಗೊಂಡ ಹಾಗೆ.

ಮೂರನೇ ವಾದ. "ಲೆಕ್ಕ ಹಾಕಿದ್ರೆ ಮಜಾ ಹೋಗುತ್ತೆ." ಯಾರ ಮಜಾ? ರಾಗ ಗೊತ್ತಿದ್ದವನಿಗೆ ಹಾಡು ಕೇಳೋ ಮಜಾ ಕಮ್ಮಿ ಆಗುತ್ತಾ? ಆಫ್‌ಸೈಡ್ ಗೊತ್ತಿದ್ದವನಿಗೆ ಫುಟ್ಬಾಲ್ ಬೋರ್ ಆಗುತ್ತಾ? ಮಜಾ ಹೋಗೋದು ಭಾನುವಾರ ಬೆಳಿಗ್ಗೆ ಐದು ಜನರ ಬಕೆಟ್ ತುಂಬಿಸುವಾಗ.

6/9

ಇದು ಸ್ವಲ್ಪ ಬೇರೆ ಥರದ ಪೋಸ್ಟ್. ಫೋಟೋದಲ್ಲಿರೋದು ತಾರೆಕಾಯಿ. ಹಿಂದಿನ ಕಾಲದಲ್ಲಿ ಇದರ ಕಾಯನ್ನೇ ದಾಳವಾಗಿ ಆಡ್ತಿದ್ರಂತೆ.

ಜೂಜು ಅಂದ್ರೆ ನಮಗೆಲ್ಲ ನೆನಪಾಗೋದು ಧರ್ಮರಾಯ. ಪಗಡೆ ಅಂದ್ರೆ ಪ್ರಾಣ, ಆದ್ರೆ ಆಟ ಬರಲ್ಲ. ಎದುರಿಗೆ ಶಕುನಿ, ಆಟದಲ್ಲಿ ಪಳಗಿದವನು. ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಇಷ್ಟು ಎಲ್ಲರಿಗೂ ಗೊತ್ತು. ಯಕ್ಷಗಾನದಲ್ಲಿ ನೋಡಿದ್ದೀವಿ, ಹರಿಕಥೇಲಿ ಕೇಳಿದ್ದೀವಿ.

ಆಮೇಲೆ ಕಾಡಲ್ಲಿ ಏನಾಯ್ತು ಅಂತ ಎಷ್ಟು ಜನಕ್ಕೆ ಗೊತ್ತು? ಸೋತು ಕೂತ ಧರ್ಮರಾಯನಿಗೆ ಬೃಹದಶ್ವ ಅನ್ನೋ ಋಷಿ ಒಂದು ಕಥೆ ಹೇಳ್ತಾರೆ. ನಳನ ಕಥೆ. ಅವನೂ ಜೂಜಲ್ಲಿ ರಾಜ್ಯ ಕಳ್ಕೊಂಡವನು. ರೂಪ ಬದಲಾಗಿ, ಬಾಹುಕ ಅಂತ ಹೆಸರಿಟ್ಟುಕೊಂಡು ಋತುಪರ್ಣ ರಾಜನ ಹತ್ರ ಸಾರಥಿ ಆಗಿರ್ತಾನೆ. ಒಂದು ದಿನ ರಥದಲ್ಲಿ ಹೋಗುವಾಗ ಋತುಪರ್ಣ ಒಂದು ತಾರೆ ಮರ ತೋರಿಸಿ, ಅದರ ಎರಡು ಕೊಂಬೆಯಲ್ಲಿ 2095 ಕಾಯಿ ಇದೆ ಅಂತಾನೆ. ನಿಂತ ನಿಲುವಲ್ಲಿ.

ನಳ ಏನು ಮಾಡ್ದ? "ಆಹಾ, ಮಹಾಪ್ರಭು" ಅಂದನಾ? ಇಲ್ಲ. ರಥ ನಿಲ್ಲಿಸಿದ. ಹೊತ್ತಾಗುತ್ತೆ ಅಂದ್ರೂ ಕೇಳಲಿಲ್ಲ. ಇಳಿದು, ಎಣಿಸಿದ. ಸರಿಯಾಗಿತ್ತು. ಆಮೇಲೆ, "ಈ ವಿದ್ಯೆ ನಂಗೆ ಕಲಿಸು, ಬದಲಿಗೆ ಕುದುರೆಯ ವಿದ್ಯೆ ನಿಂಗೆ ಕೊಡ್ತೀನಿ" ಅಂದ. ಋತುಪರ್ಣ ಕೊಟ್ಟದ್ದು ಅಕ್ಷಹೃದಯ, ದಾಳದ ಒಳಮರ್ಮ, ಎಣಿಕೆಯ ವಿದ್ಯೆ. ಅದು ಬಂದ ಕ್ಷಣವೇ ನಳನ ಮೈಯಲ್ಲಿ ಸೇರಿಕೊಂಡಿದ್ದ ಕಲಿ ಹೊರಗೆ ಬಿದ್ದ ಅಂತ ಕಥೆ ಹೇಳುತ್ತೆ. ಆಮೇಲೆ ನಳ ವಾಪಸ್ ಹೋಗಿ ಆಡಿ ರಾಜ್ಯ ಗೆದ್ದ. ಕಥೆ ಮುಗಿಸಿ ಬೃಹದಶ್ವ ಅದೇ ವಿದ್ಯೆಯನ್ನ ಧರ್ಮರಾಯನಿಗೂ ಕಲಿಸ್ತಾರೆ.

ಗಮನಿಸಿ. ಋಷಿ "ನಿನ್ನ ಗ್ರಹಚಾರ ಸರಿ ಇಲ್ಲಪ್ಪ, ಶಾಂತಿ ಮಾಡಿಸು" ಅನ್ನಲಿಲ್ಲ. ಕಲಿ ಅಂದರು. ನಾವು ಮಾತ್ರ ಧರ್ಮರಾಯನ ಸೋಲಿನ ತನಕ ಓದಿ ಪುಸ್ತಕ ಮುಚ್ಚಿ, "ವಿಧಿ" ಅಂತೀವಿ.

7/9

ಕೆಲವರಿಗೆ ಸಿಟ್ಟು ಬಂದಿದೆ. "ನೀನು ಇಂಗ್ಲಿಷ್ ಮ್ಯಾಥ್ಸ್ ತಂದು ನಮ್ಮ ಆಟಕ್ಕೆ ಹಾಕ್ತಿದ್ದೀಯ" ಅಂತ ಒಬ್ರು ಮೆಸೇಜ್ ಮಾಡಿದ್ದಾರೆ. ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹಾಕಿ ಸ್ಟೇಟಸ್ ಇಟ್ಟಿದ್ರು ಇವರು.

52 ಎಲೇಲಿ ಎರಡು ಎಲೆ ಎಷ್ಟು ಥರ ಬರಬಹುದು? 52ನ್ನ 51ರಿಂದ ಗುಣಿಸಿ 2ರಿಂದ ಭಾಗಿಸು. 1326. ಅದರಲ್ಲಿ ಎರಡು ಎಕ್ಕ ಬರೋದು 6 ಥರ. ಅಂದ್ರೆ 221 ಸಲಕ್ಕೆ ಒಂದು ಸಲ. ಯಾವುದಾದ್ರೂ ಜೋಡಿ ಬರೋದು 78 ಥರ, 17 ಸಲಕ್ಕೆ ಒಂದು ಸಲ. ಇಷ್ಟು ಗೊತ್ತಿದ್ರೆ, "ಎದುರಿನವನ ಹತ್ರ ಎರಡು ಎಕ್ಕ ಇದ್ದೇ ಇದೆ" ಅಂತ ಪ್ರತಿ ಕೈಯಲ್ಲೂ ಹೆದರೋದು ನಿಲ್ಲುತ್ತೆ.

ಈ ಗುಣಿಸಿ ಭಾಗಿಸೋ ಸಾಮಾನ್ಯ ಸೂತ್ರವನ್ನ ಬರೆದವರಲ್ಲಿ ಒಬ್ಬರು ಮಹಾವೀರಾಚಾರ್ಯ. ಪುಸ್ತಕ ಗಣಿತಸಾರಸಂಗ್ರಹ. ಒಂಬತ್ತನೇ ಶತಮಾನ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಸಂಸ್ಕೃತದಲ್ಲಿ ಬರೆದರು, ಆದ್ರೆ ಬರೆದದ್ದು ನಮ್ಮ ರಾಜನ ನೆರಳಲ್ಲಿ. ಅದೇ ನೃಪತುಂಗನ ಕಾಲದ ಕವಿರಾಜಮಾರ್ಗ ನಮಗೆಲ್ಲ ಗೊತ್ತು, ಕ್ವಿಜ್‌ನಲ್ಲಿ ಉತ್ತರ ಹೇಳ್ತೀವಿ. ಅದರ ಪಕ್ಕದಲ್ಲೇ ಹುಟ್ಟಿದ ಗಣಿತದ ಪುಸ್ತಕದ ಹೆಸರು ಯಾಕೆ ಗೊತ್ತಿಲ್ಲ? ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಹೆಸರು ನೋಡು, ವ್ಯವಹಾರಗಣಿತ! ಬಿಕಾಂ ಸಿಲಬಸ್ ಥರ ಇದೆ. ಕನ್ನಡದವರಿಗೆ ಲೆಕ್ಕ ಹತ್ತಲ್ಲ ಅಂತ ಯಾರು ಹೇಳಿದ್ದು ನಿಮಗೆ?

ಇನ್ನು ಯುರೋಪ್ ಕಡೆ ಬಂದ್ರೆ, ಸಂಭವನೀಯತೆ ಅನ್ನೋ ಶಾಸ್ತ್ರ ಬೆಳೆದದ್ದೇ ಜೂಜಿನ ಪ್ರಶ್ನೆಯಿಂದ. 1654ರಲ್ಲಿ ಪಾಸ್ಕಲ್, ಫರ್ಮಾ ಇಬ್ಬರೂ ಕಾಗದ ಬರ್ಕೊಂಡದ್ದು ಅರ್ಧಕ್ಕೆ ನಿಂತ ಆಟದ ದುಡ್ಡನ್ನ ಹೆಂಗೆ ಹಂಚಬೇಕು ಅಂತ. ನಾವು ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬೈಕೊಂಡು ಬರೆಯೋ ಪ್ರಾಬಬಿಲಿಟಿ ಅಧ್ಯಾಯ ಇದೇ. ಇನ್ಶೂರೆನ್ಸ್ ಪ್ರೀಮಿಯಂ ನಿಂತಿರೋದೂ ಇದರ ಮೇಲೇ.

ಕಾಸ್ಟಿಂಗ್ ಪೇಪರಲ್ಲಿ ಮುಳುಗಿದ ವೆಚ್ಚ, ಅದೇ ಸಂಕ್ ಕಾಸ್ಟ್, ಐದು ಮಾರ್ಕ್ಸಿಗೆ ಬರೀತೀವಿ: "ಆಗಲೇ ಆದ ಖರ್ಚನ್ನು ಮುಂದಿನ ತೀರ್ಮಾನಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು." ರಾತ್ರಿ ಆಟಕ್ಕೆ ಕೂತು, "ಆಗಲೇ 80 ಬೀಜ ಹಾಕಿದ್ದೀನಿ, ಈಗ ಬಿಟ್ಟರೆ ವೇಸ್ಟ್" ಅಂತೀವಿ. ಐದಕ್ಕೆ ಐದು ಮಾರ್ಕ್ಸ್ ತಗೊಂಡವನೇ ಹಂಗಂತಾನೆ. ಹಂಗಾದ್ರೆ ನಾವು ಓದ್ತಿರೋದು ಏನನ್ನ?

8/9

ಇದನ್ನ ಬರೆಯೋಕೆ ಮೂರು ದಿನ ತಗೊಂಡೆ.

ಎರಡು ವರ್ಷದ ಹಿಂದೆ, ಯುಗಾದಿ. ಮಂಡ್ಯ ಕಡೆ ಹುಡುಗರಿಗೆ ಗೊತ್ತು, ಹಬ್ಬದ ಮಾರನೇ ದಿನ ಹೊಸತೊಡಕು. ಮನೇಲಿ ಬಾಡೂಟ, ತೋಟದಲ್ಲಿ ಇಸ್ಪೀಟು. ಅಂದರ್ ಬಾಹರ್. ಪೊಲೀಸ್ ಜೀಪ್ ಸದ್ದಾದ್ರೆ ಚಪ್ಪಲಿ ಬಿಟ್ಟು ಓಡೋ ಆಟ.

ನನ್ನ ಜೇಬಲ್ಲಿ 3,500 ರೂಪಾಯಿ. ಮೆಸ್ ಬಿಲ್ಲು. ಅಮ್ಮ ಡೈರಿಗೆ ಹಾಲು ಹಾಕಿ ಕೂಡಿಸಿದ್ದು.

ನಾನು ನಿಂತು ನೋಡಿದೆ. ಸತತ ನಾಲ್ಕು ಸಲ ಒಳಗೇ ಬಿತ್ತು. "ಈಗ ಹೊರಗೆ ಬೀಳಲೇಬೇಕು" ಅಂತ ಹೊರಗೆ 100 ಇಟ್ಟೆ. ಒಳಗೆ. 200 ಇಟ್ಟೆ. ಒಳಗೆ. ಡಬಲ್ ಮಾಡ್ತಾ ಹೋದ್ರೆ ಒಂದು ಸಲ ಗೆದ್ರೂ ಎಲ್ಲ ವಾಪಸ್ ಅಂತ ನಮ್ಮೂರಿನ ಎಲ್ಲಾ ಪಂಡಿತರೂ ಹೇಳ್ತಾರೆ. 400. 800. 1,600. ಐದೂ ಹೋಯ್ತು. ಒಟ್ಟು 3,100. ಮುಂದಿನದಕ್ಕೆ 3,200 ಬೇಕು. ಜೇಬಲ್ಲಿ 400 ಇತ್ತು.

ಹದಿನೈದು ನಿಮಿಷ ಆಗಿರಬಹುದು. ನಮ್ಮ ಡೈರಿಯಲ್ಲಿ ಆಗ ಸಿಗ್ತಿದ್ದ ರೇಟಿಗೆ ಅದು ಹತ್ತಿರ ಹತ್ತಿರ 90 ಲೀಟರ್ ಹಾಲು. ಅಮ್ಮ ಎಷ್ಟು ಬೆಳಗಿನ ಜಾವ ಎದ್ದು ಕರೆದಿರ್ತಾಳೆ ಅಂತ ನಾನು ಅವತ್ತು ಲೆಕ್ಕ ಹಾಕಲಿಲ್ಲ. ಹಾಕಿದ್ದಿದ್ರೆ ಜೇಬಿಗೆ ಕೈ ಹೋಗ್ತಿರಲಿಲ್ಲ.

ಮನೇಲಿ ಹೇಳಲಿಲ್ಲ. ಏಳು ಮದುವೆ ಮನೇಲಿ ಕೇಟರಿಂಗ್‌ನವರ ಜೊತೆ ಬಡಿಸೋಕೆ ಹೋಗಿ ಮೆಸ್ ಬಿಲ್ಲು ಕಟ್ಟಿದೆ. ಇವತ್ತು ಇದನ್ನ ಪೋಸ್ಟ್ ಮಾಡೋ ಮೊದಲು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಮಾಡ್ದಾ?" ಅಂದ್ಲು.

ನಿಜ ಹೇಳ್ತೀನಿ. ನಾನು ಲೆಕ್ಕ ಕಲಿಯೋಕೆ ಶುರು ಮಾಡಿದ್ದು ಒಳ್ಳೇ ಉದ್ದೇಶದಿಂದ ಅಲ್ಲ. ಮುಂದಿನ ಯುಗಾದಿಗೆ ಹೋಗಿ ಆ 3,100 ವಾಪಸ್ ಗೆಲ್ಲಬೇಕು ಅಂತ. ಕೂತು ಲೆಕ್ಕ ಹಾಕಿದೆ. ಅಂದರ್ ಬಾಹರಲ್ಲಿ ಮೊದಲ ಎಲೆ ಬೀಳೋ ಕಡೆಗೆ ಶೇಕಡ 51.5 ಅವಕಾಶ, ಇನ್ನೊಂದು ಕಡೆಗೆ 48.5. ಹೆಚ್ಚುಕಮ್ಮಿ ಅರ್ಧ ಅರ್ಧ. ನಾಲ್ಕು ಸಲ ಒಳಗೆ ಬಿದ್ದದ್ದು ಎಲೆಗೆ ನೆನಪಿರಲ್ಲ. ಪ್ರತಿ ಸಲ ಹೊಸದಾಗಿ ಕಲಸಿ ಹಾಕ್ತಾರೆ. ಮತ್ತೆ ಆಟ ನಡೆಸೋನು ಗೆದ್ದವನ ಹತ್ರ 100ಕ್ಕೆ 5 ಹಿಡ್ಕೋತಾನೆ. ಅಂದ್ರೆ ಗೆದ್ರೆ 95, ಸೋತ್ರೆ 100. ಅರ್ಧ ಅರ್ಧ ಅಂತ ಹಿಡಿದ್ರೂ ಪ್ರತಿ 100 ರೂಪಾಯಿಗೆ ಎರಡೂವರೆ ರೂಪಾಯಿ ನಷ್ಟ. ಎಷ್ಟು ಆಡ್ತೀಯೋ ಅಷ್ಟು. ಡಬಲ್ ಮಾಡಿದ್ರೂ ಅಷ್ಟೇ, ತ್ರಿಬಲ್ ಮಾಡಿದ್ರೂ ಅಷ್ಟೇ. ಸತತ ಐದು ಸೋಲು 32ಕ್ಕೊಂದು ಸಲ ಬರೋ ಮಾಲು, ಸಂಜೆಯಿಡೀ ಕೂತವನಿಗೆ ಅದು ಬರೋದು ಗ್ರಹಚಾರ ಅಲ್ಲ.

ಮೊಬೈಲಲ್ಲಿ ದುಡ್ಡಿನ ಆಟ ಆಡಿದವರೂ ಕೇಳಿ. ಇಬ್ಬರು ನೂರು ನೂರು ಹಾಕಿ, ಆಡಿಸೋನು 10 ತಗೊಂಡ್ರೆ ಗೆದ್ದವನಿಗೆ 190. ಬರೀ ಅಸಲು ಉಳಿಸ್ಕೊಳ್ಳೋಕೇ 100ರಲ್ಲಿ ಸುಮಾರು 53 ಸಲ ಗೆಲ್ಲಬೇಕು. ಎದುರಿನವನೂ ನಿನ್ನಷ್ಟೇ ಚೆನ್ನಾಗಿ ಆಡಿದ್ರೆ ಇಬ್ಬರೂ ಸೋಲ್ತೀರ. ಮೂರನೆಯವನು ಆಡದೇ ಗೆಲ್ತಾನೆ.

ಗೆಲ್ಲೋಕೆ ಅಂತ ಕಲಿತ ಲೆಕ್ಕ ನಂಗೆ ಹೇಳಿದ ಮೊದಲ ಮಾತು: ಆ ಜಾಗದಲ್ಲಿ ಕೂರ್ಬೇಡ. "ಜೂಜು ಪಾಪ" ಅಂತ ಅಜ್ಜಿ ಇಪ್ಪತ್ತು ಸಲ ಹೇಳಿದ್ರೂ ಬಿಟ್ಟಿರಲಿಲ್ಲ. ಎರಡೂವರೆ ರೂಪಾಯಿ ಬಿಡಿಸ್ತು. ಅದಕ್ಕೇ ಹೇಳೋದು, ಹುಡುಗರನ್ನ ಜೂಜಿನಿಂದ ಬಿಡಿಸ್ಬೇಕು ಅಂದ್ರೆ ಭಾಷಣ ಕಮ್ಮಿ ಮಾಡಿ, ಭಾಗಾಕಾರ ಕಲಿಸಿ.

9/9

ಕೊನೇದು. "ಸರಿ ಗುರು, ಒಪ್ಕೊಂಡೆ, ಎಲ್ಲಿಂದ ಶುರು ಮಾಡ್ಲಿ?" ಅಂದವರಿಗೆ.

ಒಂದು. ಬೀಜದಿಂದ ಆಡು. ಹುಣಸೆ, ಹೊಂಗೆ, ಕಡಲೆ, ಏನಾದ್ರೂ ಸರಿ. ದುಡ್ಡಿದ್ರೆ ಭಯ ಇರುತ್ತೆ, ಭಯ ಇದ್ರೆ ಲೆಕ್ಕ ಓಡಲ್ಲ.

ಎರಡು. ನಿಂಗೆ ಬೇಕಾದ ಎಲೆ ಎಷ್ಟು ಉಳಿದಿದೆ ಅಂತ ಎಣಿಸು. ಒಂದು ಎಲೆ ಬಾಕಿ ಇದ್ರೆ ಎರಡರಿಂದ ಗುಣಿಸು, ಎರಡು ಎಲೆ ಬಾಕಿ ಇದ್ರೆ ನಾಲ್ಕರಿಂದ. ಬಂದದ್ದು ಹೆಚ್ಚುಕಮ್ಮಿ ನಿನ್ನ ಶೇಕಡ. ಬಣ್ಣಕ್ಕೆ 9 ಎಲೆ: 18, ಇಲ್ಲಾ 36. ಸರಿಯಾದ ಉತ್ತರ 19.5, 35. ಸಾಕಲ್ವಾ? 9 ಎರಡಲ 18 ಬರಲ್ಲ ಅನ್ನೋನು ಕೈ ಎತ್ತಿ.

ಮೂರು. ನೀನು ಹಾಕಬೇಕಾದ ಬೀಜವನ್ನ, ಹಾಕಿದ ಮೇಲೆ ಆಗೋ ಒಟ್ಟು ಗುಡ್ಡೆಯಿಂದ ಭಾಗಿಸು. 60 ಹಾಕಿದ್ರೆ ಗುಡ್ಡೆ 180, ಅಂದ್ರೆ ಶೇಕಡ 33 ಬೇಕು. ನಿನ್ನ ಹತ್ರ ಇರೋದು 19. ಬಿಡು. ಎದ್ದು ನೀರು ಕುಡಿ.

ನಾಲ್ಕು. ಎಲೆ ಬಿಚ್ಚೋ ಮೊದಲೇ ನಿನ್ನ ಅಂದಾಜು ಬರಿ. ಬಿಚ್ಚಿದ ಮೇಲೆ ಬರೆದ್ರೆ ನಾವೆಲ್ಲ ಜ್ಯೋತಿಷಿಗಳೇ.

ಐದು. ಸರಿಯಾಗಿ ಆಡಿಯೂ ಸೋಲ್ತೀಯ. ಇದು ಮುಖ್ಯ. "ಲೆಕ್ಕ ಹಾಕಿದ್ರೂ ಸೋತ್ಯಲ್ಲ" ಅಂತ ನಗ್ತಾರೆ. ನಗಲಿ. ಶೇಕಡ 80 ಗೆಲ್ಲೋ ಕೈ ಐದಕ್ಕೊಂದು ಸಲ ಸೋಲಲೇಬೇಕು, ಇಲ್ಲಾಂದ್ರೆ ಅದು 80 ಅಲ್ಲ. ತೀರ್ಮಾನ ಸರಿ ಇತ್ತಾ ಅಂತ ನೋಡು, ಎಲೆ ಯಾವುದು ಬಿತ್ತು ಅಂತ ಅಲ್ಲ. ಹದವಾಗಿ ಬಿತ್ತಿದ ರೈತನಿಗೂ ಒಂದೊಂದು ವರ್ಷ ಮಳೆ ಕೈ ಕೊಡುತ್ತೆ. ಹಂಗಂತ ಮುಂದಿನ ವರ್ಷ ಕಣ್ಣು ಮುಚ್ಚಿ ಬಿತ್ತಲ್ಲ ಅವನು.

ಇನ್ನೊಂದು ವರ್ಷಕ್ಕೆ ನಾವು ಡಿಗ್ರಿ ಮುಗಿಸ್ತೀವಿ. ಬೈಕ್ ಲೋನ್ ತಗೋತೀವಿ, ಚೀಟಿ ಹಾಕ್ತೀವಿ, ಯಾರೋ "ತಿಂಗಳಿಗೆ ಗ್ಯಾರಂಟಿ ಇಷ್ಟು" ಅಂತ ಸ್ಕೀಮ್ ತರ್ತಾನೆ, ಯಾರೋ ಆಪ್ಷನ್ಸ್ ಟ್ರೇಡಿಂಗ್ ಕೋರ್ಸ್ ಮಾರ್ತಾನೆ. ಎಲ್ಲರೂ ನಮ್ಮ ಎದುರಿಗೆ ಕೂತ ಆಟಗಾರರೇ. ಅವರೆಲ್ಲ ಲೆಕ್ಕ ಹಾಕಿಕೊಂಡೇ ಬಂದಿರ್ತಾರೆ. "ನಂಗೆ ಮ್ಯಾಥ್ಸ್ ಹತ್ತಲ್ಲ" ಅನ್ನೋ ಮಾತು ಅವರಿಗೆ ತುಂಬಾ ಇಷ್ಟ. ಅದನ್ನ ಹೆಮ್ಮೆಯಿಂದ ಹೇಳ್ಕೊಂಡು ತಿರುಗೋದು ಅಂದ್ರೆ ನಮ್ಮ ಎಲೆ ತೋರಿಸಿ ಆಡಿದ ಹಾಗೆ.

ನನ್ನ ರೂಮ್‌ಮೇಟ್ ಈ ಒಂಬತ್ತೂ ಪೋಸ್ಟ್ ಓದಿದ್ದಾನೆ. ಲೈಕ್ ಮಾಡಿಲ್ಲ. ಆದ್ರೆ ನಿನ್ನೆ ರಾತ್ರಿ ನಾನು ಮಲಗಿದ್ದೀನಿ ಅಂದ್ಕೊಂಡು ನನ್ನ ನೋಟ್‌ಬುಕ್ ತೆಗೆದು, ಮೊಬೈಲ್ ಟಾರ್ಚ್ ಹಾಕ್ಕೊಂಡು ಗೀಟು ಎಣಿಸ್ತಿದ್ದ. 112 ಇದೆಯಾ ಅಂತ ನೋಡೋಕೆ.

ನಂಬಲಿಲ್ಲ, ಎಣಿಸಿದ. ನಂಗೆ ಅಷ್ಟೇ ಬೇಕಾಗಿದ್ದು.

ಶನಿವಾರ ಬಾ ಮಗಾ. ಬೀಜ ನಂದು, ಬಕೆಟ್ ನಿಂದು.

#ಲೆಕ್ಕ_ಹಾಕು #ಹುಣಸೆಬೀಜದ_ಪೋಕರ್ #ಬಿಕಾಂ_ಹುಡುಗರು #ಎಣಿಸಿ_ನೋಡು